ಡೈ ಜಾಸ್ತಿ ಹಾಕಿದರೆ ಕ್ಯಾಲ್ಸಿಯಂ ಚೆನ್ನಾಗಿ ಕಾಣುತ್ತಾ?

ಜೀವಂತ ಕೋಶದೊಳಗೆ ಕ್ಯಾಲ್ಸಿಯಂ ಅಳೆಯಲು ಹೊರಟವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಡೈ, ಅಂದರೆ ಕ್ಯಾಲ್ಸಿಯಂ ಹಿಡಿದಾಗ ಹೊಳೆಯುವ ವಸ್ತು, ಆದಷ್ಟು ಕಡಿಮೆ ಹಾಕಿ. ಚಿತ್ರ ಸ್ವಲ್ಪ ಮಂಕಾದರೂ ಪರವಾಗಿಲ್ಲ.

ಕೋಶದ ಹೊರಗೆ ಕ್ಯಾಲ್ಸಿಯಂ 1ರಿಂದ 2 ಮಿಲಿಮೋಲಾರ್ ಇರುತ್ತದೆ. ಒಳಗೆ, ಕೋಶ ಸುಮ್ನೆ ಇರುವಾಗ, ಬರೀ 100 ನ್ಯಾನೋಮೋಲಾರ್ ಆಸುಪಾಸು. ಹತ್ತು ಸಾವಿರ ಪಟ್ಟು, ಕೆಲವೊಮ್ಮೆ ಅದಕ್ಕೂ ಜಾಸ್ತಿ ವ್ಯತ್ಯಾಸ! ಇಷ್ಟು ಕಡಿಮೆ ಇರುವುದರಿಂದಲೇ ಒಂದು ಸಣ್ಣ ಏರಿಕೆಯೂ ಕೋಶಕ್ಕೆ ದೊಡ್ಡ ಸುದ್ದಿ. ಸ್ನಾಯು ಬಿಗಿಯುವುದು, ನರಕೋಶ ಪಕ್ಕದ ಕೋಶಕ್ಕೆ ಸಂದೇಶ ದಾಟಿಸುವುದು, ಎಲ್ಲ ಇದರ ಮೇಲೆಯೇ ನಿಂತಿದೆ.

ಈ ಏರಿಳಿತವನ್ನು ಕಣ್ಣಿಗೆ ಕಾಣಿಸುವ ಡೈಗಳು ರಸಾಯನವಿಜ್ಞಾನಿ ರೋಜರ್ ಚೆನ್ (Roger Tsien) ಅವರ ಕೈಚಳಕ. ಕ್ಯಾಲ್ಸಿಯಂ ಹಿಡಿಯುವ ಇಜಿಟಿಎ ಎಂಬ ಅಣು ಮೊದಲೇ ಇತ್ತು, ಆದರೆ ಕೋಶದ ಪಿಎಚ್‌ನಲ್ಲಿ ಅದು ಪ್ರೋಟಾನ್‌ಗಳನ್ನು ಹಿಡಿದುಕೊಂಡೇ ಇರುತ್ತದೆ, ಅವನ್ನು ಬಿಟ್ಟರೆ ಮಾತ್ರ ಕ್ಯಾಲ್ಸಿಯಂ ಹಿಡಿಯಲು ಆಗುತ್ತದೆ, ಹಾಗಾಗಿ ನಿಧಾನ, ಮೇಲಿಂದ ಪಿಎಚ್ ಕೊಂಚ ಅಲ್ಲಾಡಿದರೂ ಲೆಕ್ಕ ಕೆಡುತ್ತದೆ. ಚೆನ್ ಆ ಅಣುವಿನೊಳಗೆ ಬೆಂಜೀನ್ ಉಂಗುರಗಳನ್ನು ಕೂರಿಸಿ 1980ರಲ್ಲಿ ಬಾಪ್ಟಾ ಎಂಬ ಹೊಸ ಅಣು ಮಾಡಿದರು. ಎರಡೂ ತೊಂದರೆ ಬಹುಮಟ್ಟಿಗೆ ಹೋಯಿತು. ಮುಂದೆ ಬಂದ ಕ್ವಿನ್-2, ಫ್ಯೂರಾ-2, ಫ್ಲುವೊ-3 ಡೈಗಳೆಲ್ಲ ಇದೇ ವಂಶದವು.

ಇನ್ನು ಡೈ ಕೋಶದೊಳಗೆ ಹೋಗುವುದು ಹೇಗೆ? ಅದರ ಮೈತುಂಬ ಋಣ ಚಾರ್ಜ್, ಪೊರೆ ಒಳಗೆ ಬಿಡುವುದಿಲ್ಲ. 1981ರಲ್ಲಿ ಚೆನ್ ಅದಕ್ಕೂ ದಾರಿ ತೋರಿಸಿದರು. ಚಾರ್ಜ್ ಇರುವ ಗುಂಪುಗಳನ್ನು ಎಎಂ (ಅಸಿಟಾಕ್ಸಿಮೀಥೈಲ್) ಎಸ್ಟರ್ ಎಂಬ ರಾಸಾಯನಿಕ ಮುಚ್ಚಳದಿಂದ ಮುಚ್ಚಿದರೆ ಡೈ ಸಲೀಸಾಗಿ ಒಳಗೆ ನುಸುಳುತ್ತದೆ, ಅಲ್ಲಿನ ಎಸ್ಟರೇಸ್ ಕಿಣ್ವಗಳು ಆ ಮುಚ್ಚಳ ಕತ್ತರಿಸುತ್ತವೆ, ಡೈಗೆ ಮತ್ತೆ ಚಾರ್ಜ್ ಬರುತ್ತದೆ, ಹೊರಗೆ ಹೋಗಲಾಗದೆ ಅಲ್ಲೇ ಉಳಿಯುತ್ತದೆ. ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಉಪಾಯ ಇದು.

ಎಚ್ಚರ ಬೇಕಾದದ್ದೂ ಇಲ್ಲೇ. ಡೈ ಒಳಗೆ ಹೋಗುತ್ತಲೇ ಇರುತ್ತದೆ, ಸಿಕ್ಕಿಬೀಳುತ್ತಲೇ ಇರುತ್ತದೆ. ಹೊರಗೆ ನೀವು 5 ಮೈಕ್ರೋಮೋಲಾರ್ ಹಾಕಿದರೂ ಒಳಗೆ ಅದರ ಹತ್ತಾರು ಪಟ್ಟು ಸೇರಬಹುದು. ಡೈ ಹೊಳೆಯುವುದು ಕ್ಯಾಲ್ಸಿಯಂ ಹಿಡಿದುಕೊಂಡಾಗ, ಅಲ್ವಾ? ಹಾಗೆ ಹಿಡಿದ ಕ್ಯಾಲ್ಸಿಯಂ ಅಷ್ಟು ಹೊತ್ತು ಕೋಶದ ಕೆಲಸಕ್ಕೆ ಸಿಗುವುದಿಲ್ಲ. ಡೈ ಜಾಸ್ತಿಯಾದರೆ ಸಿಗ್ನಲ್‌ನ ತುದಿ ತಗ್ಗುತ್ತದೆ, ಇಳಿಯುವ ಬಾಲ ಉದ್ದವಾಗುತ್ತದೆ. ಗ್ರಾಫಿನಲ್ಲಿ ಚೂಪಾಗಿ ಎದ್ದು ಬೀಳಬೇಕಾದ ಗೆರೆ ದಿಬ್ಬದ ಹಾಗೆ ಕಾಣುತ್ತದೆ. ಕ್ವಿನ್-2 ಮಂಕಾಗಿದ್ದರಿಂದ ಅದನ್ನು ತುಂಬಾ ತುಂಬಿಸಬೇಕಿತ್ತು. 1985ರಲ್ಲಿ ಬಂದ ಫ್ಯೂರಾ-2 ಅದಕ್ಕಿಂತ 30 ಪಟ್ಟಿನವರೆಗೂ ಪ್ರಕಾಶಮಾನ. ಆ ಬೆಳಕಿನ ನಿಜವಾದ ಲಾಭ ಚಂದದ ಚಿತ್ರವಲ್ಲ, ಕಡಿಮೆ ಡೈ ಸಾಕಾಗುವುದು.

ಫ್ಯೂರಾ-2ರ ಇನ್ನೊಂದು ಗುಣ ನನಗೆ ದೊಡ್ಡದು. 340 ಮತ್ತು 380 ನ್ಯಾನೋಮೀಟರ್‌ನಲ್ಲಿ ಬೆಳಕು ಕೊಟ್ಟು, 510ರ ಸುತ್ತ ಬರುವ ಹೊಳಪು ನೋಡಿ, ಎರಡರ ಅನುಪಾತ ತೆಗೆಯುತ್ತೇವೆ. ಕೋಶ ದಪ್ಪವಿದೆಯೋ, ಡೈ ಎಷ್ಟು ಸೇರಿದೆಯೋ ಅನ್ನುವುದರ ಪ್ರಭಾವ ಬಹುಪಾಲು ಕಳೆದುಹೋಗುತ್ತದೆ. ಫ್ಲುವೊ-3ರ ನಂತರ ಬಂದ ಫ್ಲುವೊ-4ಗೆ ಈ ಅನುಕೂಲ ಇಲ್ಲ. 488ರ ಲೇಸರ್‌ಗೆ ಚೆನ್ನಾಗಿ ಹೊಂದುತ್ತದೆ, ವೇಗದ ಬದಲಾವಣೆ ನೋಡಲು ಹಿತ, ಆದರೆ ಒಂದು ಕೋಶ ಪಕ್ಕದ್ದಕ್ಕಿಂತ ಹೊಳೆದ ಮಾತ್ರಕ್ಕೆ ಅಲ್ಲಿ ಕ್ಯಾಲ್ಸಿಯಂ ಜಾಸ್ತಿ ಅನ್ನಬೇಡಿ. ಅದೇ ಕೋಶದ ಆರಂಭದ ಹೊಳಪಿಗೆ ಹೋಲಿಸಿ.

ಕೋಶಕ್ಕೆ ಡೈ ತುಂಬಿಸುವಾಗ ಸೀರಂ (ರಕ್ತದ ದ್ರವಭಾಗ) ಬೇಡ, ಅದರ ಎಸ್ಟರೇಸ್‌ಗಳು ಹೊರಗೇ ಮುಚ್ಚಳ ಕತ್ತರಿಸುತ್ತವೆ. ಡಿಎಂಎಸ್‌ಒ ಎಂಬ ದ್ರಾವಕದಲ್ಲಿರುವ ಡೈಗೆ, ಅದು ನೀರಿನಲ್ಲಿ ಹರಡಲು ನೆರವಾಗುವ ಪ್ಲುರಾನಿಕ್ ಬೆರೆಸಿ, ಆಮೇಲೆ ಬಫರ್‌ಗೆ ಹಾಕಿ. 1 ಮೈಕ್ರೋಮೋಲಾರ್‌ನಿಂದ ಶುರು ಮಾಡಿ, ಕೋಣೆಯ ತಾಪದಲ್ಲಿ ಅರ್ಧ ಗಂಟೆ ಬಿಡಿ, ತೊಳೆದು ಇನ್ನರ್ಧ ಗಂಟೆ ಕಾಯಿರಿ. ಮೈಕ್ರೋಸ್ಕೋಪ್‌ನಲ್ಲಿ ಹೊಳಪು ಕೋಶದ ತುಂಬ ಹರಡಿರಬೇಕು. ಚುಕ್ಕೆ ಚುಕ್ಕೆ ಕಂಡರೆ ಡೈ ಕೋಶದೊಳಗಿನ ಚೀಲಗಳಿಗೆ ಹೊಕ್ಕಿದೆ ಅಂತ ಅನುಮಾನಿಸಿ. 37 ಡಿಗ್ರಿಯಲ್ಲಿ ಇದು ಜಾಸ್ತಿ.

ಪ್ರಮಾಣ ಸರಿಯಾಗಿದೆಯಾ ಅಂತ ತಿಳಿಯಲು ಡೈ ಅರ್ಧಕ್ಕೆ ಇಳಿಸಿ ಅದೇ ಪ್ರಯೋಗ ಮತ್ತೆ ಮಾಡಿ. ಸಿಗ್ನಲ್ ಈಗ ಬೇಗ ಇಳಿದರೆ ಮೊದಲಿನ ಗೆರೆಯಲ್ಲಿ ಡೈಯ ಪಾಲೂ ಇತ್ತು, ಇನ್ನೂ ಇಳಿಸಿ. ಎರಡೂ ಗೆರೆಗಳ ಇಳಿಕೆ ಒಂದರ ಮೇಲೊಂದು ಕೂತರೆ ಅಲ್ಲಿಗೆ ನಿಲ್ಲಿಸಿ.