ಮುಳಬಾಗಿಲಿನಿಂದ ಸಾಗರಕ್ಕೆ, ಕೆಂಚಿ ಮತ್ತು ಜಿಮ್ಮಿ ಜೊತೆ

ಸಾಗರದಲ್ಲಿರುವ ಮಗಳು ಮೊಮ್ಮಗುವನ್ನು ನೋಡಿಕೊಳ್ಳಲು ಒಂದು ತಿಂಗಳು ಬನ್ನಿ ಅಂದಾಗ ನಮಗೆ ಎದುರಾದ ಮೊದಲ ಪ್ರಶ್ನೆ ನಾಯಿಗಳದ್ದು. ಪಕ್ಕದ ಮನೆಯವರ ಹತ್ತಿರ ಬಿಟ್ಟು ಹೋಗಿ ಅಂದವರು ಬಹಳ ಜನ. ಕೆಂಚಿ ಬೇರೆಯವರ ಕೈಯಲ್ಲಿ ಊಟ ಮಾಡಲ್ಲ. ಜಿಮ್ಮಿಗೆ ವಯಸ್ಸಾಗಿದೆ, ಮೇಲಾಗಿ ಅವನು ಪಗ್ ಜಾತಿಯ ನಾಯಿ. ರೈಲಿನಲ್ಲಿ ಕರೆದುಕೊಂಡು ಹೋಗೋಣ ಅಂದರೆ ಫಸ್ಟ್ ಎಸಿಯಲ್ಲಿ ಇಡೀ ಕೂಪೆ ನಮಗೇ ಸಿಗಬೇಕು. ಇಲ್ಲದಿದ್ದರೆ ಬ್ರೇಕ್ ವ್ಯಾನಿನ, ಅಂದರೆ ಗಾರ್ಡ್ ಡಬ್ಬಿಯ, ನಾಯಿ ಪೆಟ್ಟಿಗೆಯಲ್ಲಿ ಹಾಕಬೇಕು. ಆ ಕತ್ತಲೆಯ ಪೆಟ್ಟಿಗೆಯಲ್ಲಿ ಜಿಮ್ಮಿಯನ್ನು ಹಾಕುವ ಮಾತೇ ಇಲ್ಲ. ಹಾಗಾಗಿ ಕಾರು.

ಬೆಂಗಳೂರಿನ ಒಳಗೆ ಹೋಗಬಾರದು ಅಂತ ಮೊದಲೇ ತೀರ್ಮಾನ ಮಾಡಿದ್ದೆವು. ನಮ್ಮೂರಿಂದಲೇ ಒಂದು ಹಳೇ ದಾರಿ ಇದೆ. ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಮಧುಗಿರಿ, ಶಿರಾ, ಹುಳಿಯಾರು. ಈಗ ಅದು ರಾಷ್ಟ್ರೀಯ ಹೆದ್ದಾರಿ 69. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರು ಜಿಲ್ಲೆಗಳನ್ನೂ ಅಡ್ಡಡ್ಡ ದಾಟುತ್ತದೆ. ಆರು ಲೇನಿನ ರಸ್ತೆಗಿಂತ ನನಗೆ ಇದೇ ಇಷ್ಟ. ನಾಯಿಗಳನ್ನು ಇಳಿಸಬೇಕು ಅನಿಸಿದ ಕಡೆ ಒಂದು ಮರ ಸಿಗುತ್ತದೆ. ಟೋಲ್ ರಸ್ತೆಯಲ್ಲಿ ಸಿಗುವುದು ಬರೀ ಕಬ್ಬಿಣದ ತಡೆಬೇಲಿ.

ಮಾರ್ಚ್ ತಿಂಗಳು, ಬಿಸಿಲು ಆಗಲೇ ಜೋರಾಗಿತ್ತು. ಪಶುವೈದ್ಯರು ಹೇಳಿದ್ದು ಒಂದೇ ಮಾತು: ಬಿಸಿಲು ಇಳಿದ ಮೇಲೆ ಹೊರಡಿ, ರಾತ್ರಿ ಎಲ್ಲಾದರೂ ಮಲಗಿ, ಬೆಳಿಗ್ಗೆ ಬೇಗ ಏಳಿ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ಪಗ್‌ಗೆ ಮೂತಿಯೇ ಚಪ್ಪಟೆ, ಅದೂ ಸರಿಯಾಗಿ ಆಗಲ್ಲ. ಆರೋಗ್ಯವಾಗಿರುವ ನಾಯಿಯ ಮೈ 38ರಿಂದ 39 ಡಿಗ್ರಿ ಸೆಲ್ಸಿಯಸ್ ಇರುತ್ತದೆ. 41 ದಾಟಿದರೆ ಜೀವಕ್ಕೇ ಅಪಾಯ. ಗಾಜು ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಹತ್ತೇ ನಿಮಿಷಕ್ಕೆ ಹೊರಗಿಗಿಂತ ಹತ್ತು ಡಿಗ್ರಿ ಜಾಸ್ತಿ ಆಗಬಹುದು. ಅದಕ್ಕೇ ಕಾಫಿಗೂ ನಾವಿಬ್ಬರೂ ಒಟ್ಟಿಗೆ ಇಳಿಯಲಿಲ್ಲ. ಒಬ್ಬರು ಕುಡಿದು ಬಂದ ಮೇಲೆ ಇನ್ನೊಬ್ಬರು.

ಹೊರಡುವ ದಿನ ಮಧ್ಯಾಹ್ನ ನಾಯಿಗಳಿಗೆ ಊಟ ಇಲ್ಲ, ಬರೀ ನೀರು. ಹಿಂದಿನ ಸೀಟಿಗೆ ಹಳೇ ಜಮಖಾನ ಹಾಸಿದೆವು. ಎರಡಕ್ಕೂ ಎದೆಪಟ್ಟಿ ಕಟ್ಟಿ ಸೀಟ್ ಬೆಲ್ಟಿಗೆ ಸಿಕ್ಕಿಸಿದೆವು. ಕೊರಳಿನ ಬೆಲ್ಟಿಗೆ ಕಟ್ಟಿದರೆ ಬ್ರೇಕ್ ಹಾಕಿದಾಗ ಕತ್ತಿಗೇ ಪೆಟ್ಟು. ಕೊರಳಲ್ಲಿ ಫೋನ್ ನಂಬರ್ ಕೆತ್ತಿಸಿದ ಬಿಲ್ಲೆ ಮಾತ್ರ.

ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಹೀಚುಗಾಯಿ ತೂಗುತ್ತಿದ್ದವು. ಚಿಂತಾಮಣಿಯಲ್ಲಿ ಸಂಜೆಯ ಜನಸಂದಣಿ. ಎರಡೂ ಊರು ಬೇಗ ಕಳೆದವು. ಶಿಡ್ಲಘಟ್ಟ ಹತ್ತಿರವಾದಾಗ ಅಲ್ಲಿಯವರೆಗೆ ಜೊಲ್ಲು ಸುರಿಸಿಕೊಂಡು ಮುದುರಿ ಮಲಗಿದ್ದ ಕೆಂಚಿ ದಿಢೀರನೆ ಎದ್ದು ನಿಂತಳು. ಎರಡು ಬೆರಳಷ್ಟು ಇಳಿಸಿದ್ದ ಗಾಜಿನ ಸಂದಿಗೆ ಮೂಗು ತೂರಿಸಿದಳು. ಮೂಗಿನ ಹೊಳ್ಳೆಗಳು ಪಟಪಟ ಅಲುಗುತ್ತಿದ್ದವು. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಮನೆಗಳ ವಾಸನೆ ಅದು. ಸೆರಗು ಮೂಗಿಗೆ ಹಿಡಿಯುವ ನನಗೂ ಅವಳ ಖುಷಿ ನೋಡಿ ಆ ವಾಸನೆ ಸಹ್ಯವಾಯಿತು.

ಚಿಕ್ಕಬಳ್ಳಾಪುರಕ್ಕೆ ಮುಂಚೆ ರಸ್ತೆ ಬದಿಯಲ್ಲಿ ದ್ರಾಕ್ಷಿ ರಾಶಿ ಹಾಕಿಕೊಂಡು ಕೂತಿದ್ದರು. ಮಾರುವ ಹುಡುಗ ಪ್ರೀತಿಯಿಂದ ಒಂದು ಗೊಂಚಲನ್ನು ಗಾಜಿನ ಸಂದಿಯಲ್ಲಿ ಜಿಮ್ಮಿಗೆ ಕೊಡಲು ಬಂದ. ಬೇಡಪ್ಪ, ನಾಯಿಗೆ ದ್ರಾಕ್ಷಿ ವಿಷ ಅಂದೆ. "ಏನ್ ಮೇಡಂ, ನಮ್ಮ ತೋಟದ ನಾಯಿ ಉದುರಿದ್ದೆಲ್ಲ ತಿನ್ನುತ್ತೆ" ಅಂದ. ಅವನು ಹೇಳಿದ್ದೂ ಸುಳ್ಳಲ್ಲ. ಕೆಲವು ನಾಯಿಗಳಿಗೆ ಏನೂ ಆಗಲ್ಲ, ಕೆಲವಕ್ಕೆ ಸ್ವಲ್ಪ ತಿಂದರೂ ಕಿಡ್ನಿ ಕೈಕೊಡುತ್ತದೆ. ಯಾವುದಕ್ಕೆ ಎಷ್ಟು ಅಂತ ಮೊದಲೇ ಹೇಳೋಕೆ ಬರಲ್ಲ. ಒಣದ್ರಾಕ್ಷಿಯೂ ಅಷ್ಟೇ. ಕಾರಣ ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲ ಇರಬಹುದು ಅಂತ 2021ರಲ್ಲಿ ಅಮೆರಿಕದ ಪಶುವೈದ್ಯರು ಬರೆದರು. ಹುಣಸೆಹಣ್ಣಿನ ಹುಳಿಯೂ ಅದೇ ಆಮ್ಲದ್ದು. ಈ ಜಿಲ್ಲೆಗಳಲ್ಲಿ ನಾಯಿ ಕರೆದುಕೊಂಡು ಓಡಾಡುವವರು ಇದನ್ನು ನೆನಪಿಡಬೇಕು. ಒಂದು ಕಡೆ ದ್ರಾಕ್ಷಿ ತೋಟ, ಮುಂದೆ ಹೋದರೆ ರಸ್ತೆಯುದ್ದಕ್ಕೂ ಹುಣಸೆಮರ.

ಇನ್ನು ಆ ರಾತ್ರಿ ತಂಗಲು ಮೊದಲೇ ಗೊತ್ತು ಮಾಡಿಕೊಂಡಿದ್ದ ವಸತಿಗೃಹದ ವಿಷಯ. ಇಂದಿಗೂ ನೆನೆದರೆ ಮೈ ಉರಿಯುತ್ತದೆ. ಎರಡು ನಾಯಿ ಇವೆ, ರೂಮಿನೊಳಗೇ ಮಲಗುತ್ತವೆ ಅಂತ ಫೋನಿನಲ್ಲಿ ಬಿಡಿಸಿ ಹೇಳಿದ್ದೆ. ಬನ್ನಿ ಬನ್ನಿ ಅಂದಿದ್ದರು, ಮುಂಗಡವನ್ನೂ ತೆಗೆದುಕೊಂಡಿದ್ದರು. ಹೋಗಿ ನಿಂತರೆ ಕೌಂಟರಿನವರು ಕೆಂಚಿಯನ್ನು ನೋಡಿ, "ಸಾಕಿದ ನಾಯಿ ಅಂದಿದ್ರಿ, ಇದು ಬೀದಿ ನಾಯಿ" ಅಂದರು. ಪಗ್ ಒಳಗೆ ಬರಬಹುದಂತೆ. ಕೆಂಚಿಯನ್ನು ವಾಹನ ನಿಲ್ಲಿಸುವ ಜಾಗದಲ್ಲಿ ಕಂಬಕ್ಕೆ ಕಟ್ಟಬೇಕಂತೆ, ರಾತ್ರಿಯಿಡೀ. ನಾಯಿಯಲ್ಲೂ ಮೇಲು ಕೀಳು! ಮುಳಬಾಗಿಲು ಬಸ್ ನಿಲ್ದಾಣದ ಹಿಂದೆ ಮಳೆಯಲ್ಲಿ ನಡುಗುತ್ತಿದ್ದ ಮರಿಯನ್ನು ತಂದು ಸಾಕಿದ್ದೇವೆ. ಅವಳ ಲಸಿಕೆ ಪುಸ್ತಕ ಜಿಮ್ಮಿಯದ್ದಕ್ಕಿಂತ ಅಚ್ಚುಕಟ್ಟಾಗಿದೆ. ಮನೆಯವರು ಒಂದು ಮಾತೂ ಆಡದೆ ಕಾರು ತಿರುಗಿಸಿದರು. ಮುಂಗಡ ವಾಪಸ್ ಬರಲಿಲ್ಲ. ನಾಯಿ ಜೊತೆ ಹೋಗುವವರು ಬಾಯಿಮಾತನ್ನು ನಂಬಬೇಡಿ. ಎಷ್ಟು ನಾಯಿ, ಯಾವ ಜಾತಿ, ಎಲ್ಲಿ ಮಲಗುತ್ತವೆ ಅಂತ ವಾಟ್ಸ್ಆ್ಯಪ್‌ನಲ್ಲಿ ಫೋಟೋ ಸಮೇತ ಕಳಿಸಿ, ಉತ್ತರ ಬರೆಸಿಕೊಂಡು ಆಮೇಲೆ ದುಡ್ಡು ಕೊಡಿ.

ಮಂಚೇನಹಳ್ಳಿ ದಾಟಿ ಗೌರಿಬಿದನೂರು ಮುಟ್ಟುವಾಗ ಹೊತ್ತಾಗಿತ್ತು. ನಾದಿನಿ ಮನೆಯ ಬಾಗಿಲು ತಟ್ಟಿದೆವು. ಅವಳು ಏನೂ ಕೇಳದೆ ನಡುಮನೆಯಲ್ಲಿ ಗೋಣಿತಾಟು ಹಾಸಿ, ನಾಯಿಗಳಿಗೆ ಮೊಸರನ್ನ ಕಲಸಿದಳು.

ಬೆಳಿಗ್ಗೆ ಆರಕ್ಕೆ ಹೊರಟೆವು. ಮಧುಗಿರಿಯ ಏಕಶಿಲಾ ಬೆಟ್ಟದ ಮೇಲೆ ಎಳೆ ಬಿಸಿಲು ಬಿದ್ದಿತ್ತು. ನಂದಿಬೆಟ್ಟಕ್ಕೆ ನುಗ್ಗುವ ಜನ ಇದನ್ನು ಯಾಕೆ ನೋಡಲು ಬರಲ್ಲವೋ ಅಂತ ನನಗೆ ಯಾವಾಗಲೂ ಅನಿಸುತ್ತದೆ. ಬಡವನಹಳ್ಳಿ ದಾಟಿದ ಮೇಲೆ ಕೆಂಚಿ ಮತ್ತೆ ತುಟಿ ನೆಕ್ಕಿಕೊಳ್ಳಲು, ಮೇಲಿಂದ ಮೇಲೆ ಆಕಳಿಸಲು ಶುರು ಮಾಡಿದಳು. ಅದು ನಿದ್ದೆಯ ಆಕಳಿಕೆಯಲ್ಲ. ವಾಂತಿಗೆ ಮುಂಚೆ ಹೀಗೇ ಮಾಡುತ್ತಾಳೆ. ಒಂದು ದೊಡ್ಡ ಹುಣಸೆಮರದ ಕೆಳಗೆ ಕಾರು ನಿಲ್ಲಿಸಿ ಎರಡನ್ನೂ ಇಳಿಸಿದೆವು.

ಆಗಲೇ ಹೊಲದ ಆ ಕಡೆಯಿಂದ ಒಬ್ಬ ಮುದುಕಪ್ಪ ಕೋಲು ಎತ್ತಿಕೊಂಡು ಓಡಿ ಬಂದದ್ದು. ಹೆಗಲ ಮೇಲೆ ಕಂಬಳಿ. ಹಿಂದೆ ಕುರಿಮಂದೆ, ಅದರ ಹಿಂದೆ ಒಬ್ಬ ಹುಡುಗ.

"ಬಿಡಬ್ಯಾಡ್ರಮ್ಮ! ಇಲ್ಲಿ ಬಿಡಬ್ಯಾಡ್ರಿ!" ಅಂತ ದೂರದಿಂದಲೇ ಕೂಗಿದ.

ನನಗೆ ಅರ್ಥವಾಗಲಿಲ್ಲ. ಹೊಲದೊಳಗೆ ನಾಯಿ ಬಿಡಬೇಡಿ ಅಂತಿದ್ದಾನೆ, ಕುರಿಗೆ ಹೆದರಿದ್ದಾನೆ ಅಂದುಕೊಂಡೆ. "ಇಲ್ಲ ತಾತ, ಹಗ್ಗ ಕೈಯಲ್ಲೇ ಇದೆ, ಕುರಿ ಹತ್ತಿರ ಬಿಡಲ್ಲ" ಅಂದೆ.

ಅವನು ಹತ್ತಿರ ಬಂದು ನನ್ನ ಕೈಯಲ್ಲಿದ್ದ ಹಗ್ಗ ನೋಡಿದ. ಕೆಂಚಿಯ ಮುಂದಿದ್ದ ನೀರಿನ ಬಟ್ಟಲು ನೋಡಿದ. ಕೋಲು ಕೆಳಗಿಟ್ಟು ಉಸಿರು ಬಿಟ್ಟ. "ಕರ್ಕೊಂಡ್ ಹೋಗ್ತೀರಾ ಹಂಗಾದ್ರೆ? ನಾನು ಬಿಟ್ಟೋಗಾಕೆ ಬಂದೋರು ಅಂದ್ಕಂಡೆ."

ಆ ಮರದ ಕೆಳಗೆ ಕಾರುಗಳು ಬಂದು ನಿಲ್ಲುತ್ತವಂತೆ. ಹಿಂದಿನ ಬಾಗಿಲು ತೆಗೆದು ನಾಯಿ ಇಳಿಸುತ್ತಾರೆ. ಒಂದು ಬಿಸ್ಕೆಟ್ ದೂರಕ್ಕೆ ಎಸೆಯುತ್ತಾರೆ. ನಾಯಿ ಅದರ ಹಿಂದೆ ಓಡುವಷ್ಟರಲ್ಲಿ ಬಾಗಿಲು ಮುಚ್ಚಿ ಹೊರಟುಬಿಡುತ್ತಾರೆ. "ಮರಿಯಲ್ಲಮ್ಮ, ಬೆಳೆದ ನಾಯಿಗಳು. ಕೆಲವಕ್ಕೆ ಕಣ್ಣೂ ಕಾಣಾಕಿಲ್ಲ. ರಸ್ತೆ ಮಧ್ಯದಾಗೆ ನಿಂತ್ಕಂಡು ಬರೋ ಕಾರನ್ನೆಲ್ಲ ನೋಡ್ತಾವೆ. ಲಾರಿಗೆ ಸಿಕ್ತಾವೆ."

ಮನೆಯವರು ಜಿಮ್ಮಿಯನ್ನು ಎತ್ತಿಕೊಂಡರು. ನಾನು ಸುಮ್ಮನೆ ನಿಂತಿದ್ದೆ.

"ನೋಡಿ, ಅದೂ ಹಂಗೇ ಬಂದಿದ್ದು" ಅಂತ ಮಂದೆಯ ಕಡೆ ಕೈ ತೋರಿಸಿದ. ಎರಡು ನಾಟಿ ನಾಯಿಗಳ ಜೊತೆ ಜೇನಿನ ಬಣ್ಣದ ಲ್ಯಾಬ್ರಡಾರ್ ಒಂದು ಬರುತ್ತಿತ್ತು. ಹಿಂಗಾಲು ಸ್ವಲ್ಪ ಕುಂಟು. ಅದು ನಮ್ಮನ್ನು ನೋಡಲೇ ಇಲ್ಲ, ನೆಟ್ಟಗೆ ಕಾರಿನ ಹತ್ತಿರ ಹೋಯಿತು. ನಾಲ್ಕೂ ಬಾಗಿಲು ಮೂಸಿತು. ತೆರೆದಿದ್ದ ಬಾಗಿಲಿನ ಅಂಚಿಗೆ ಮುಂಗಾಲು ಇಟ್ಟು ಸೀಟನ್ನೂ ಜಮಖಾನವನ್ನೂ ಮೂಸಿತು. ಆಮೇಲೆ ತಲೆಯೆತ್ತಿ ಮನೆಯವರ ಮುಖ ನೋಡಿತು. ಹತ್ತಿರದಿಂದ ನೋಡಿದೆ, ಕೊರಳ ಸುತ್ತ ಬೆರಳಗಲ ಕೂದಲೇ ಇಲ್ಲ. ಬಿಗಿಯಾದ ಬೆಲ್ಟ್ ಉಜ್ಜಿ ಉಜ್ಜಿ ಚರ್ಮ ಕಪ್ಪಗೆ ಗಟ್ಟಿಯಾಗಿತ್ತು.

"ಬಂದಾಗ ಆ ಪಟ್ಟಿ ಮಾಂಸದೊಳಗೆ ಹೋಗಿತ್ತು. ಕುರಿ ಉಣ್ಣೆ ಕತ್ತರಿಸೋ ಕತ್ತರಿಲಿ ತೆಗೆದ್ವಿ" ಅಂದ ಆ ಹುಡುಗ, ತಾತನ ಮೊಮ್ಮಗ. "ಮೊದಮೊದಲು ಮುದ್ದೆ ತಿಂತಿರ್ಲಿಲ್ಲ. ಈಗ ನಮಗಿಂತ ಜಾಸ್ತಿ ತಿಂತಾನೆ."

ಕುರಿ ಕಾಯಲು ಅದಕ್ಕೆ ಬರುತ್ತಾ ಅಂತ ಕೇಳಿದೆ. "ಬರಾಕಿಲ್ಲ" ಅಂದ ತಾತ. "ಬೊಗಳಾಕೂ ಸರಿಯಾಗಿ ಬರಾಕಿಲ್ಲ. ಯಾವನೋ ಕುರಿ ಕದಿಯಾಕೆ ಬಂದ್ರೂ ಬಾಲ ಅಲ್ಲಾಡಿಸ್ತದೆ. ಆದ್ರೆ ಹೊಸದಾಗಿ ಹುಟ್ಟಿದ ಮರಿಗಳ ಪಕ್ಕದಾಗೆ ಮಲಗ್ತದೆ. ಚಳಿಗಾಲದಾಗೆ ಮರಿಗಳು ಅದರ ಹೊಟ್ಟೆಗೆ ಒತ್ಕಂಡಿರ್ತಾವೆ. ಅಷ್ಟು ಸಾಕಲ್ವೇನಮ್ಮ?"

ಮನೆಯವರು ಕೋರ್ಟಿನಲ್ಲಿ ಕೆಲಸ ಮಾಡಿದವರು. ಹೀಗೆ ಬಿಟ್ಟು ಹೋಗುವುದು ಅಪರಾಧ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೇ ಇದೆ ಅಂದರು. ಮೊದಲ ಸಲಕ್ಕೆ ದಂಡ ಎಷ್ಟು ಅಂತ ಹುಡುಗ ಕೇಳಿದ. 10 ರೂಪಾಯಿಯಿಂದ 50 ರೂಪಾಯಿ. ತಾತ ಮತ್ತೊಮ್ಮೆ ಕೇಳಿ ಖಚಿತ ಮಾಡಿಕೊಂಡ. "ಐವತ್ತು ರೂಪಾಯಾ? ಅವರು ಎಸೆದು ಹೋಗೋ ಬಿಸ್ಕೆಟ್‌ಗೇ ಅದಕ್ಕಿಂತ ಜಾಸ್ತಿ ಆಗ್ತದೇನೋ."

ಕೆಂಚಿ ಹಸಿರು ಹೊಟ್ಟೆನೀರು ಕಕ್ಕಿದಳು. ತಾತ ಕೂತು ಅವಳ ಕಿವಿ ಹಿಡಿದು ನೋಡಿ, ಒಸಡು ನೋಡಿದ. "ಏನಿಲ್ಲ, ಕುಲುಕಾಟಕ್ಕೆ ಹಿಂಗಾಗ್ತದೆ. ಸಂತೆಗೆ ಲಾರಿಲಿ ಹೋಗೋ ಕುರಿಗಳೂ ಹಿಂಗೇ ಜೊಲ್ಲು ಬಿಡ್ತಾವೆ. ಒಂದೇ ಸಲ ನೀರು ಕುಡಿಸಬ್ಯಾಡ್ರಿ, ಗುಟುಕು ಗುಟುಕು ಕೊಡಿ." ನಮ್ಮ ವೈದ್ಯರು ಹೇಳಿದ್ದೂ ಇದನ್ನೇ. ಹುಡುಗ ಉದುರಿದ ಹುಣಸೆಕಾಯಿ ಆರಿಸಿ ಕೆಂಚಿಯ ಮುಂದೆ ಹಿಡಿದಾಗ ಬೇಡ ಅಂದೆ, ದ್ರಾಕ್ಷಿಯ ಕಥೆ ಹೇಳಿದೆ. ಅವನು ತಕ್ಷಣ ತಿರುಗಿ ತನ್ನ ಮೂರು ನಾಯಿಗಳ ಬಾಯಿ ನೋಡಿದ.

ಲಸಿಕೆ ಹಾಕಿಸಿದ್ದೀರಾ ಅಂತ ಕೇಳಿದೆ. ಕುರಿಗಳಿಗೆ ತಪ್ಪದೆ ಹಾಕಿಸುತ್ತಾರೆ, ನಾಯಿಗಳಿಗೆ ಇಲ್ಲ. ರೇಬಿಸ್ ಲಸಿಕೆ ಪ್ರತಿ ವರ್ಷ ಬೇಕು, ಹುಚ್ಚುನಾಯಿ ರೋಗ ಒಮ್ಮೆ ಕಾಣಿಸಿಕೊಂಡರೆ ಮನುಷ್ಯನಿಗೂ ಉಳಿಗಾಲ ಇಲ್ಲ ಅಂತ ಹೇಳಿದೆ. ಪಶು ಚಿಕಿತ್ಸೆಯ ಸಹಾಯವಾಣಿ 1962 ಅನ್ನೋ ನಂಬರನ್ನು ಹುಡುಗ ಫೋನಿನಲ್ಲಿ ಬರೆದುಕೊಂಡ. ನನ್ನ ನಂಬರನ್ನೂ ತೆಗೆದುಕೊಂಡ. ನಾವು ಹೊರಟಾಗ ಲ್ಯಾಬ್ರಡಾರ್ ಕಾರಿನ ಪಕ್ಕ ನಾಲ್ಕು ಹೆಜ್ಜೆ ಬಂತು. ತಾತ ನಾಲಿಗೆ ಮಡಚಿ ಸಿಳ್ಳೆ ಹೊಡೆದ. ಅದು ನಿಂತು, ತಿರುಗಿ, ಕುರಿಗಳ ಕಡೆ ಹೋಯಿತು.

ಶಿರಾ, ಹುಳಿಯಾರು, ಬಾಣಾವರ ಬಂದು ಹೋದದ್ದು ನನಗೆ ಅಷ್ಟಾಗಿ ನೆನಪಿಲ್ಲ. ಸಾಗರದಲ್ಲಿ ಜಿಮ್ಮಿ ತಂಪು ನೆಲದ ಮೇಲೆ ಹಾಯಾಗಿದ್ದ. ಕೆಂಚಿಗೆ ಉಣ್ಣೆಗಳ ಕಾಟ ಆಯಿತು. ಮಲೆನಾಡಿಗೆ ನಾಯಿ ಕರೆದುಕೊಂಡು ಹೋಗುವವರು ಉಣ್ಣೆಯ ಔಷಧಿ ಮೊದಲೇ ಹಾಕಿಸಿಕೊಂಡು ಹೋಗುವುದು ಒಳ್ಳೆಯದು.

ವಾಪಸ್ ಬರುವಾಗ ಅದೇ ಮರದ ಕೆಳಗೆ ನಿಲ್ಲಿಸಿದೆವು. ಮಂದೆ ಇರಲಿಲ್ಲ. ಹುಣಸೆ ಉದುರಿಸಿ ಮುಗಿದಿತ್ತು. ಹಣ್ಣು ಬಿಡಿಸುತ್ತಾ ಕೂತಿದ್ದ ಹೆಂಗಸರು, ಮೇವಿಲ್ಲದೆ ಹಿರಿಯೂರಿನ ಕಡೆ ಹೊಡೆದುಕೊಂಡು ಹೋದರು ಅಂದರು. ಹುಡುಗನಿಗೆ ಫೋನ್ ಮಾಡಿದೆ. ಮೂರೂ ನಾಯಿಗಳಿಗೆ ಪಶು ಆಸ್ಪತ್ರೆಯಲ್ಲಿ ರೇಬಿಸ್ ಲಸಿಕೆ ಹಾಕಿಸಿದ್ದನಂತೆ. ಲ್ಯಾಬ್ರಡಾರ್‌ಗೆ ಸೂಜಿ ಚುಚ್ಚುವಾಗ ನಾಲ್ಕು ಜನ ಹಿಡಿದುಕೊಳ್ಳಬೇಕಾಯಿತಂತೆ. ಆಮೇಲೆ ಫೋನನ್ನು ತಾತ ಇಸ್ಕೊಂಡ.

"ಎರಡೂ ವಾಪಸ್ ಬಂದ್ವೇನಮ್ಮ?"

"ಬಂದಿವೆ ತಾತ. ಹಿಂದಿನ ಸೀಟಲ್ಲೇ ಇವೆ."

"ಆ ಕೆಂದ ನಾಯಿ ಈಗ ಕಕ್ತದಾ?"

ಹೋಗುವಾಗಿನಷ್ಟು ಇಲ್ಲ ಅಂದೆ. ಹೊರಡೋಕೆ ಮುಂಚೆ ಒಂದು ಫರ್ಲಾಂಗ್ ನಡೆಸಿ, ಮೈ ಸಡಿಲ ಆಗ್ತದೆ ಅಂದ. ಮನೆಯವರು ಕಾರು ಬೀಗ ಹಾಕಿದರು. ನಾಲ್ವರೂ ಹೊಲದ ಬದುವಿನ ಮೇಲೆ ಅಷ್ಟು ದೂರ ನಡೆದು ಬಂದು, ಮಧುಗಿರಿ ಕಡೆ ಹೊರಟೆವು.