6 ನಿಮಿಷ 40 ಸೆಕೆಂಡು

ನಮ್ಮ ಮನೆಯ ಕಂಪ್ಯೂಟರ್ ವಿಂಡೋಸ್ 7ರ ಕಾಲದ್ದು. 4 ಜಿಬಿ ರ‍್ಯಾಮ್, ನಿಮಿಷಕ್ಕೆ 7200 ಸುತ್ತು ತಿರುಗುವ 500 ಜಿಬಿ ಹಾರ್ಡ್ ಡಿಸ್ಕ್. 2015ರಲ್ಲಿ ವಿಂಡೋಸ್ 10 ಬಂದ ಮೇಲೆ ಅದನ್ನೂ ಹೊತ್ತುಕೊಂಡು ನಡೆದುಬಂದ ಯಂತ್ರ. ಪತ್ರ ಬರೆಯಲು, ಮನೆಯ ಲೆಕ್ಕ ಇಡಲು, ಹಳೆಯ ಫೋಟೋಗಳನ್ನು ಜೋಡಿಸಿಡಲು ಅದು ಸಾಕಾಗಿತ್ತು, ಒಮ್ಮೆ ತೆರೆದುಕೊಂಡಿತೆಂದರೆ ತಕರಾರಿಲ್ಲದೆ ಕೆಲಸ ಮಾಡುತ್ತಿತ್ತು. ತೆರೆದುಕೊಳ್ಳುವುದೇ ಕಷ್ಟವಾಗಿತ್ತು. ಬೆಳಗ್ಗೆ ಗುಂಡಿ ಒತ್ತಿ, ಎದ್ದುಹೋಗಿ, ಬೇರೊಂದು ಕೆಲಸ ಮುಗಿಸಿ ಬಂದು ನೋಡಿದರೂ ಪರದೆಯ ಮೇಲೆ ಚುಕ್ಕಿಗಳು ಸುತ್ತುತ್ತಲೇ ಇರುತ್ತಿದ್ದವು. "ಅಪ್ಪ, ಅದಕ್ಕೆ ವಯಸ್ಸಾಯ್ತು, ಬಿಟ್ಟುಬಿಡಿ" ಎಂದು ಮಗಳು ಹೇಳಿದ್ದಳು. ವಯಸ್ಸಾಗಿದ್ದು ನಿಜ. ಆದರೆ ಹಿಂದಿನ ವರ್ಷವೂ ಅದಕ್ಕೆ ವಯಸ್ಸಾಗಿಯೇ ಇತ್ತು, ಆಗ ಇಷ್ಟು ತಡವಾಗುತ್ತಿರಲಿಲ್ಲ. ಈ ಒಂದು ಸಂಗತಿ ನನ್ನನ್ನು ಕೆಣಕುತ್ತಿತ್ತು.

ಮೊದಲಿಗೆ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ತಾತ್ಕಾಲಿಕ ಫೈಲುಗಳನ್ನು ಅಳಿಸಿದೆ, ಬೇಡವಾದ ತಂತ್ರಾಂಶಗಳನ್ನು ಕಿತ್ತುಹಾಕಿದೆ, ಡಿಸ್ಕಿನಲ್ಲಿ ಚದುರಿದ ಫೈಲುಗಳನ್ನು ಒಗ್ಗೂಡಿಸುವ ಡಿಫ್ರಾಗ್ ಅನ್ನು ರಾತ್ರಿಯಿಡೀ ಓಡಿಸಿದೆ, ವೈರಸ್ ಹುಡುಕಿಸಿದೆ. ಪ್ರತಿಯೊಂದರ ನಂತರವೂ ಯಂತ್ರ ತುಸು ಚುರುಕಾದಂತೆ ಅನಿಸುತ್ತಿತ್ತು, ಎರಡು ದಿನ ಕಳೆಯುವಷ್ಟರಲ್ಲಿ ಆ ಅನಿಸಿಕೆಯೂ ಇರುತ್ತಿರಲಿಲ್ಲ. ಮೂರು ವಾರ ಹೀಗೆ ಕಳೆದ ಮೇಲೆ, ನಾನು ಇದುವರೆಗೆ ಒಮ್ಮೆಯೂ ಗಡಿಯಾರ ಹಿಡಿದು ನೋಡಿಲ್ಲವೆಂಬುದು ಹೊಳೆಯಿತು. ಎಷ್ಟು ತಡ ಎಂಬುದೇ ಗೊತ್ತಿಲ್ಲದೆ ಮದ್ದು ಅರೆಯುತ್ತಿದ್ದೆ.

ಒಂದು ಭಾನುವಾರ ಬೆಳಗ್ಗೆ ನೋಟ್‌ಬುಕ್ ತೆರೆದಿಟ್ಟು, ಫೋನಿನ ಸ್ಟಾಪ್‌ವಾಚ್ ಹಿಡಿದು ಕುಳಿತೆ. ಆರಂಭದ ಹೊತ್ತನ್ನು ಮೂರು ಭಾಗ ಮಾಡಿಕೊಂಡೆ: ಗುಂಡಿ ಒತ್ತಿದಾಗಿನಿಂದ ವಿಂಡೋಸ್ ಚಿಹ್ನೆ ಮೂಡುವವರೆಗೆ ಒಂದು, ಅಲ್ಲಿಂದ ಪಾಸ್‌ವರ್ಡ್ ಕೇಳುವವರೆಗೆ ಇನ್ನೊಂದು, ಪಾಸ್‌ವರ್ಡ್ ಕೊಟ್ಟು ಎಂಟರ್ ಒತ್ತಿದ ಮೇಲೆ ಒಂದು ಫೋಲ್ಡರ್ ಸಲೀಸಾಗಿ ತೆರೆಯುವವರೆಗೆ ಮತ್ತೊಂದು. ಅದಕ್ಕೂ ಮುಂಚೆ, ಹಿಂದಿನ ರಾತ್ರಿಯೇ, ಪವರ್ ಆಯ್ಕೆಗಳಿಗೆ ಹೋಗಿ ಫಾಸ್ಟ್ ಸ್ಟಾರ್ಟ್‌ಅಪ್ ನಿಲ್ಲಿಸಿದ್ದೆ. ಅದು ಚಾಲೂ ಇದ್ದರೆ ನಾವು ಶಟ್‌ಡೌನ್ ಎಂದು ಒತ್ತಿದಾಗ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ತನ್ನ ತಿರುಳಿನ ಸ್ಥಿತಿಯನ್ನು ಡಿಸ್ಕಿನ ಮೇಲೆ ಬರೆದಿಟ್ಟು ಮಲಗುತ್ತದೆ, ಮರುದಿನ ಅದನ್ನೇ ಎತ್ತಿಕೊಂಡು ಏಳುತ್ತದೆ. ರೀಸ್ಟಾರ್ಟ್ ಒತ್ತಿದಾಗ ಮಾತ್ರ ಎಲ್ಲವೂ ಮೊದಲಿನಿಂದ ಆರಂಭವಾಗುತ್ತದೆ. ಈ ಎರಡನ್ನೂ ಒಂದೇ ಎಂದುಕೊಂಡು ಅಳೆದರೆ ಲೆಕ್ಕ ತಾಳೆಯಾಗುವುದಿಲ್ಲ.

ಆ ಬೆಳಗಿನ ಅಂಕಿಗಳು ಇವು: 95 ಸೆಕೆಂಡು, 140 ಸೆಕೆಂಡು, 165 ಸೆಕೆಂಡು. ಒಟ್ಟು 6 ನಿಮಿಷ 40 ಸೆಕೆಂಡು. ವಿಂಡೋಸ್ ತಾನೇ ಇಡುವ ದಾಖಲೆಯನ್ನೂ ತೆಗೆದು ನೋಡಿದೆ. ಈವೆಂಟ್ ವ್ಯೂಯರ್‌ನ ಒಳಗೊಳಗೆ ಹೋದರೆ ಡಯಾಗ್ನಾಸ್ಟಿಕ್ಸ್ ಪರ್ಫಾರ್ಮೆನ್ಸ್ ಎಂಬ ಕಡತವಿದೆ, ಅದರಲ್ಲಿ 100ನೇ ಸಂಖ್ಯೆಯ ನಮೂದು ಪ್ರತಿ ಆರಂಭಕ್ಕೆ ತಗುಲಿದ ಹೊತ್ತನ್ನು ಮಿಲಿಸೆಕೆಂಡುಗಳಲ್ಲಿ ಹೇಳುತ್ತದೆ. ಅಲ್ಲಿದ್ದದ್ದು ಸುಮಾರು ಮೂರು ಲಕ್ಷ, ಅಂದರೆ ಐದು ನಿಮಿಷ. ನನ್ನ ಎರಡನೆಯ ಮತ್ತು ಮೂರನೆಯ ಭಾಗಗಳನ್ನು ಕೂಡಿಸಿದರೆ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು. ಉಳಿದ 95 ಸೆಕೆಂಡುಗಳ ಸುದ್ದಿಯೇ ಅದಕ್ಕಿರಲಿಲ್ಲ, ಏಕೆಂದರೆ ಆ ಹೊತ್ತಿನಲ್ಲಿ ವಿಂಡೋಸ್ ಇನ್ನೂ ಹುಟ್ಟಿಯೇ ಇರುವುದಿಲ್ಲ. ಯಂತ್ರವನ್ನು ಎಬ್ಬಿಸುವ ಬೋರ್ಡಿನ ಮೂಲ ತಂತ್ರಾಂಶ ಹೊಸ ಬಗೆಯ ಯುಇಎಫ್‌ಐ ಆಗಿರುವ ಯಂತ್ರಗಳಲ್ಲಿ ಈ ಮೊದಲ ಭಾಗದ ಹೊತ್ತನ್ನು ಟಾಸ್ಕ್ ಮ್ಯಾನೇಜರ್ ತೋರಿಸುತ್ತದೆ, ಹಳೆಯ ಬಯಾಸ್ ಇರುವ ನಮ್ಮದರಲ್ಲಿ ಅದಿಲ್ಲ. ಮೂರು ವಾರ ನಾನು ವಿಂಡೋಸಿನೊಳಗೆ ಏನೆಲ್ಲ ಗುಡಿಸಿ ಸಾರಿಸಿದ್ದರೂ ಈ ಒಂದೂವರೆ ನಿಮಿಷಕ್ಕೆ ಅದು ತಾಗುವಂತೆಯೇ ಇರಲಿಲ್ಲ.

ಅದೇ ಮಧ್ಯಾಹ್ನ ರೀಸ್ಟಾರ್ಟ್ ಮಾಡಿ ಮತ್ತೆ ಅಳೆದೆ. ಎರಡನೆಯ, ಮೂರನೆಯ ಭಾಗಗಳು ಬಹುತೇಕ ಹಾಗೆಯೇ ಇದ್ದವು, ಮೊದಲನೆಯದು ಮಾತ್ರ ತುಸು ಇಳಿದಿತ್ತು. ಒಂದೇ ಯಂತ್ರ, ಒಂದೇ ದಿನ. ಬೆಳಗಿಗೂ ಮಧ್ಯಾಹ್ನಕ್ಕೂ ಏನು ವ್ಯತ್ಯಾಸವೆಂದು ಯೋಚಿಸುತ್ತ ಕುಳಿತಾಗ ಕಣ್ಣು ಗೋಡೆಯ ಸ್ವಿಚ್ಚಿನ ಮೇಲೆ ಬಿತ್ತು. ರಾತ್ರಿ ಕಂಪ್ಯೂಟರ್ ಮುಚ್ಚಿದ ಮೇಲೆ ಆ ಸ್ವಿಚ್ಚನ್ನೂ ಆರಿಸುವುದು ನನ್ನ ವಾಡಿಕೆ.

ಮರುದಿನ ಬೆಳಗ್ಗೆ ಎದ್ದುಹೋಗದೆ ಪರದೆಯ ಮುಂದೆಯೇ ಕುಳಿತೆ. ಇಲ್ಲಿ ಒಂದು ತಪ್ಪೊಪ್ಪಿಗೆ ಇದೆ. ಕಂಪ್ಯೂಟರ್ ಚಾಲೂ ಆಗುವಾಗ ಕಪ್ಪು ಪರದೆಯ ಮೇಲೆ ಏನೋ ಒಂದು ಸಾಲು ಬಂದು ಎಫ್1 ಒತ್ತಲು ಕೇಳುತ್ತಿತ್ತು, ನಾನು ಒತ್ತುತ್ತಿದ್ದೆ. ಎಷ್ಟೋ ತಿಂಗಳಿಂದ, ಒಮ್ಮೆಯೂ ಓದದೆ, ಗುಂಡಿ ಒತ್ತಿದ ಕೈಯಲ್ಲೇ ಎಫ್1 ಕೂಡ ಒತ್ತಿ ಎದ್ದು ಹೋಗುತ್ತಿದ್ದೆ. ಆಮೇಲೆ ಬಂದು ಪರದೆಯ ಮೂಲೆಯ ಗಡಿಯಾರ ಹತ್ತು ವರ್ಷ ಹಿಂದಿನ ತಾರೀಖು ತೋರಿಸುತ್ತಿದ್ದರೆ ಅದನ್ನು ತಿದ್ದುತ್ತಿದ್ದೆ. ತಿದ್ದದಿದ್ದರೆ ಬ್ರೌಸರ್ ಯಾವ ಜಾಲತಾಣವನ್ನೂ ನಂಬುತ್ತಿರಲಿಲ್ಲ. ಎರಡನ್ನೂ ಹಳೆಯ ಯಂತ್ರದ ಚಾಳಿ ಎಂದು ಒಪ್ಪಿಕೊಂಡಿದ್ದೆ. ಅಂದು ಆ ಸಾಲನ್ನು ಓದಿದೆ: ಬಯಾಸ್ ಸೆಟ್ಟಿಂಗ್‌ಗಳನ್ನು ನೆನಪಿಡುವ ಸಿಮಾಸ್‌ನಲ್ಲಿರುವ ಲೆಕ್ಕ ತಾಳೆಯಾಗುತ್ತಿಲ್ಲ, ಮೂಲ ಸೆಟ್ಟಿಂಗ್‌ಗಳನ್ನು ಹಾಕಲಾಗಿದೆ ಎಂಬುದು ಅದರ ಸಾರಾಂಶ. ಎಫ್1 ಒತ್ತಿದ ಮೇಲೆ ಪರದೆಯ ಮೇಲೆ ನೆಟ್‌ವರ್ಕ್ ಕಾರ್ಡಿನ ವಿವರ ಮೂಡಿತು, ಅದರ ಕೆಳಗೆ ಒಂದು ಪುಟ್ಟ ಗೀಟು ನಿಂತು, ಓರೆಯಾಗಿ, ಮಲಗಿ, ಮತ್ತೆ ನಿಂತು ಗಿರಗಿರನೆ ತಿರುಗತೊಡಗಿತು. ಯಂತ್ರವು ತನ್ನನ್ನು ಚಾಲೂ ಮಾಡುವ ತಂತ್ರಾಂಶವನ್ನು ಕೊಡುವವರು ಯಾರಾದರೂ ನೆಟ್‌ವರ್ಕಿನಲ್ಲಿ ಇದ್ದಾರೆಯೇ ಎಂದು ಕೂಗಿ ಕೇಳುತ್ತಿತ್ತು. ನಮ್ಮ ಮನೆಯಲ್ಲಿ ಉತ್ತರಿಸುವವರು ಯಾರೂ ಇರಲಿಲ್ಲ. ಒಂದು ನಿಮಿಷಕ್ಕೂ ಹೆಚ್ಚು ಕಾದು, ಸೋತು, ಆಮೇಲೆ ಹಾರ್ಡ್ ಡಿಸ್ಕಿನ ಕಡೆಗೆ ತಿರುಗಿತು.

ಕಾರಣ ಸರಳವಾಗಿತ್ತು. ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ, ಸಿಆರ್2032 ಎಂದು ಅದರ ಹೆಸರು. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. ಕರೆಂಟು ಪೂರ್ತಿ ಹೋದಾಗ ಗಡಿಯಾರವನ್ನೂ ಬಯಾಸ್ ಸೆಟ್ಟಿಂಗ್‌ಗಳನ್ನೂ ಕಾಯುವುದು ಅದೇ. ನಮ್ಮದನ್ನು ಅಳೆದಾಗ 2 ವೋಲ್ಟ್ ಕೂಡ ಇರಲಿಲ್ಲ. ನಾನು ಪ್ರತಿ ರಾತ್ರಿ ಗೋಡೆಯ ಸ್ವಿಚ್ ಆರಿಸಿದಾಗ ಯಂತ್ರ ಎಲ್ಲವನ್ನೂ ಮರೆತು, ಬೆಳಗ್ಗೆ ಕಾರ್ಖಾನೆಯಿಂದ ಬಂದ ದಿನದ ಕ್ರಮಕ್ಕೆ ಮರಳುತ್ತಿತ್ತು, ಆ ಕ್ರಮದಲ್ಲಿ ನೆಟ್‌ವರ್ಕ್ ಮೊದಲು, ಡಿಸ್ಕ್ ಆಮೇಲೆ. ಡಿಸ್ಕೂ ಬೋರ್ಡೂ ಮಾತಾಡುವ ರೀತಿಯ (ಸಾಟಾ) ಸೆಟ್ಟಿಂಗೂ ಬದಲಾಗುವಂತಿದ್ದರೆ ವಿಂಡೋಸ್ ತೆರೆಯುತ್ತಲೇ ಇರುತ್ತಿರಲಿಲ್ಲವೇನೋ, ಆಗ ಬೇಗ ಎಚ್ಚರಗೊಳ್ಳುತ್ತಿದ್ದೆ. ಹೊಸ ಬ್ಯಾಟರಿ ಹಾಕಿ, ಡಿಸ್ಕನ್ನು ಮೊದಲಿಗೆ ತಂದು, ನೆಟ್‌ವರ್ಕಿನಿಂದ ಚಾಲೂ ಆಗುವುದನ್ನು ನಿಲ್ಲಿಸಿ, ಆ ಸೆಟ್ಟಿಂಗ್‌ಗಳನ್ನು ಉಳಿಸಿದೆ. ಮೊದಲ ಭಾಗ 20 ಸೆಕೆಂಡಿಗೆ ಬಂತು.

ಮೂರನೆಯ ಭಾಗದಲ್ಲಿ ನಿರೀಕ್ಷಿಸಿದ್ದೇ ಸಿಕ್ಕಿತು. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ 11 ತಂತ್ರಾಂಶಗಳು ಸಾಲುಗಟ್ಟಿದ್ದವು. ಅವುಗಳಲ್ಲಿ ಒಂದು, ಮನೆಯಿಂದ ಹೋಗಿ ಎಷ್ಟೋ ಕಾಲವಾದ ಪ್ರಿಂಟರಿನ ಶಾಯಿ ಎಷ್ಟಿದೆಯೆಂದು ನೋಡಿಕೊಳ್ಳುವ ತಂತ್ರಾಂಶ. ಏಳನ್ನು ನಿಲ್ಲಿಸಿದೆ, 45 ಸೆಕೆಂಡು ಉಳಿತಾಯವಾಯಿತು. ಇಷ್ಟಾದರೂ ಒಟ್ಟು 4 ನಿಮಿಷ 40 ಸೆಕೆಂಡು ಆಗುತ್ತಿತ್ತು.

ನಿಜವಾದ ಕಳ್ಳ ಸಿಕ್ಕಿದ್ದು ಕಿವಿಯಿಂದ. ಹಾರ್ಡ್ ಡಿಸ್ಕ್ ದುಡಿಯುವಾಗ ಡಬ್ಬಿಯ ಮುಂದಿನ ದೀಪ ಮಿಣುಕುತ್ತದೆ, ಒಳಗಿನಿಂದ ಸಣ್ಣಗೆ ಕಟಕಟ ಸದ್ದು ಬರುತ್ತದೆ, ಎರಡೂ ಜೊತೆಜೊತೆಗೆ ಸಾಗುತ್ತವೆ. ವಿಂಡೋಸ್ ಚುಕ್ಕಿಗಳು ಸುತ್ತುತ್ತಿದ್ದ ಹೊತ್ತಿನಲ್ಲಿ ಒಮ್ಮೆ ಹತ್ತಿರ ಬಾಗಿದಾಗ ಸದ್ದು ತಟ್ಟನೆ ನಿಂತುಹೋಯಿತು. ದೀಪ ಮಾತ್ರ ಮಿಣುಕದೆ ಉರಿಯುತ್ತಲೇ ಇತ್ತು. ಬಹಳ ಹೊತ್ತಿನ ಮೇಲೆ ಮತ್ತೆ ಕಟಕಟ ಶುರುವಾಯಿತು. ಒಂದು ಆರಂಭದಲ್ಲಿ ಹೀಗೆ ಐದು ಸಲ ಆಯಿತು. ಡಿಸ್ಕ್ ನಿಧಾನವಾಗಿ ಓದುತ್ತಿದ್ದರೆ ಸದ್ದು ಇರಬೇಕಿತ್ತು. ಇಲ್ಲಿ ಅದು ಓದುತ್ತಲೇ ಇರಲಿಲ್ಲ, ಯಂತ್ರ ಅದರ ಮಾತಿಗಾಗಿ ಕಾಯುತ್ತಿತ್ತು. ಸಿಸ್ಟಮ್ ದಾಖಲೆಯಲ್ಲಿ 129ನೇ ಸಂಖ್ಯೆಯ ಎಚ್ಚರಿಕೆಗಳು ಬಿದ್ದಿದ್ದವು. ಡಿಸ್ಕ್ ಉತ್ತರಿಸದ ಕಾರಣ ಅದನ್ನು ರೀಸೆಟ್ ಮಾಡಲಾಯಿತು ಎಂಬುದು ಅವುಗಳ ಅರ್ಥ, ನಾನು ಗುರುತು ಹಾಕಿದ್ದ ಹೊತ್ತಿಗೆ ಅವು ಹೊಂದುತ್ತಿದ್ದವು.

ಡಿಸ್ಕ್ ಸಾಯುತ್ತಿದೆ ಎಂದುಕೊಂಡು ಮೊದಲು ಎಲ್ಲ ಫೋಟೋ, ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿದೆ. ಆಮೇಲೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ತೆರೆದು ಡಿಸ್ಕಿನ ಆರೋಗ್ಯ ನೋಡಿದೆ. ಕೆಟ್ಟ ಜಾಗಗಳನ್ನು ಬದಲಿಸಿದ ಲೆಕ್ಕ ಸೊನ್ನೆ, ಓದಲಾಗದೆ ಕಾಯುತ್ತಿರುವ ಜಾಗಗಳ ಲೆಕ್ಕವೂ ಸೊನ್ನೆ. ಡಿಸ್ಕಿನೊಳಗೆ ಮಾಹಿತಿ ಹೊತ್ತು ತಿರುಗುವ ತಟ್ಟೆ ಚೆನ್ನಾಗಿತ್ತು. ಆದರೆ 199ನೇ ಸಾಲಿನಲ್ಲಿ, ಸಿಆರ್‌ಸಿ ದೋಷಗಳ ಎಣಿಕೆಯ ಎದುರಿಗೆ, 1ಎ3 ಎಂದಿತ್ತು. ಅದು 16ರ ಆಧಾರದ ಅಂಕಿ, ನಮ್ಮ ಲೆಕ್ಕದಲ್ಲಿ 419. ಮರುದಿನ 1ಬಿ8 ಆಯಿತು, ಅಂದರೆ 440. ಈ ಎಣಿಕೆ ಏರುವುದು ಡಿಸ್ಕಿಗೂ ಬೋರ್ಡಿಗೂ ನಡುವೆ ಸಾಗುವ ಮಾಹಿತಿ ದಾರಿಯಲ್ಲಿ ಕೆಟ್ಟಾಗ, ಅದಕ್ಕೆ ಬಹುಪಾಲು ಕೇಬಲ್ಲೇ ಕಾರಣ.

ಡಬ್ಬಿ ತೆರೆದು ನೋಡಿದರೆ ಕೆಂಪು ಸಾಟಾ ಕೇಬಲ್ ಡಿಸ್ಕಿನ ಹಿಂದೆ ಕಾಗದ ಮಡಿಸಿದಂತೆ ಮಡಿಸಿಕೊಂಡಿತ್ತು, ಪಕ್ಕದ ಲೋಹದ ಪಟ್ಟಿ ಅದನ್ನು ಒತ್ತಿ ಹಿಡಿದಿತ್ತು. ಧೂಳು ಒರೆಸಲೆಂದು ಹಿಂದೊಮ್ಮೆ ಡಬ್ಬಿ ಬಿಚ್ಚಿ ಮುಚ್ಚಿದವನು ನಾನೇ, ಹಾಗಾಗಿ ಬೇರೆಯವರನ್ನು ದೂರುವಂತಿರಲಿಲ್ಲ. ಪೋರ್ಟ್ ಬದಲಿಸದೆ, ಬೇರೇನನ್ನೂ ಮುಟ್ಟದೆ, ಕೊಕ್ಕೆಯಿರುವ ಹೊಸ ಕೇಬಲ್ ಮಾತ್ರ ಹಾಕಿದೆ. ಎರಡನೆಯ ಭಾಗ 140ರಿಂದ 45ಕ್ಕೆ, ಮೂರನೆಯದು 120ರಿಂದ 50ಕ್ಕೆ ಇಳಿಯಿತು. ಒಟ್ಟು 1 ನಿಮಿಷ 55 ಸೆಕೆಂಡು. ಸಿಆರ್‌ಸಿ ಎಣಿಕೆ ಇಳಿಯುವಂಥದ್ದಲ್ಲ, 440ರಲ್ಲೇ ನಿಂತಿದೆ.

ತಿರುಗುವ ತಟ್ಟೆಯೇ ಇಲ್ಲದ ಎಸ್‌ಎಸ್‌ಡಿ ಹಾಕಿದ್ದರೆ ಇನ್ನೂ ಬೇಗ ಆಗುತ್ತಿತ್ತೆಂಬುದರಲ್ಲಿ ಸಂಶಯವಿಲ್ಲ. 7200 ಸುತ್ತಿನ ತಟ್ಟೆ ಒಮ್ಮೆ ತಿರುಗಲು 8.3 ಮಿಲಿಸೆಕೆಂಡು ಬೇಕು, ಬೇಕಾದ ಜಾಗ ತಲೆಯ ಕೆಳಗೆ ಬರಲು ಸರಾಸರಿ ಅದರ ಅರ್ಧ ಹೊತ್ತು ಕಾಯಬೇಕು, ಸಾವಿರಾರು ಚಿಕ್ಕ ಫೈಲುಗಳನ್ನು ಓದುವಾಗ ಆ ಕಾಯುವಿಕೆಯೇ ರಾಶಿಯಾಗುತ್ತದೆ. ಆದರೆ ಆ ಕೇಬಲ್ಲಿಗೇ ಎಸ್‌ಎಸ್‌ಡಿ ಸಿಕ್ಕಿಸಿದ್ದರೆ ಹೊಸದೂ ಆಗಾಗ ಮೂಕವಾಗುತ್ತಿತ್ತು, ಆಗ ಅದನ್ನೇ ಬೈಯುತ್ತಿದ್ದೆ. ಸದ್ಯಕ್ಕೆ ಎರಡು ನಿಮಿಷ ನನಗೆ ಸಾಕು.

ಗೋಡೆಯ ಸ್ವಿಚ್ಚನ್ನು ಈಗಲೂ ರಾತ್ರಿ ಆರಿಸುತ್ತೇನೆ, ಬೆಳಗ್ಗೆ ಗಡಿಯಾರ ಸರಿಯಾಗಿಯೇ ಇರುತ್ತದೆ. ಆದರೂ ಗುಂಡಿ ಒತ್ತಿದ ಕೈ ತಾನಾಗಿ ಎಫ್1ರ ಕಡೆಗೆ ಹೋಗುತ್ತದೆ, ಅಷ್ಟರಲ್ಲಿ ಕಪ್ಪು ಪರದೆ ದಾಟಿ ಹೋಗಿರುತ್ತದೆ.