ನೀರು ತಲುಪದ ಕೊನೆಯ ಊರು: ಮೊಯ್ನಾಕ್

ಕರಕಲ್ಪಾಕಸ್ತಾನದ ರಾಜಧಾನಿ ನೂಕುಸ್‌ನಿಂದ, ಒಂದು ಕಾಲಕ್ಕೆ ಅರಲ್ ಸಮುದ್ರದ ಬಂದರಾಗಿದ್ದ ಮೊಯ್ನಾಕ್‌ಗೆ ಸುಮಾರು 200 ಕಿಲೋಮೀಟರ್. ಉಜ್ಬೇಕಿಸ್ತಾನದ ವಾಯವ್ಯ ಮೂಲೆಯ ಕರಕಲ್ಪಾಕಸ್ತಾನಕ್ಕೆ ಬರುವ ಪ್ರವಾಸಿಗರು ಈ ದಾರಿಯಲ್ಲಿ ಸಾಮಾನ್ಯವಾಗಿ ನಿದ್ದೆ ಹೊಡೆಯುತ್ತಾರೆ. ಅವರಿಗೆ ಬೇಕಾಗಿರುವುದು ಮರಳ ಮೇಲೆ ತುಕ್ಕು ಹಿಡಿದು ನಿಂತ ಹಡಗುಗಳ ಫೋಟೋ. ಆದರೆ ಅರಲ್ ಸಮುದ್ರ ಎಲ್ಲಿ ಹೋಯಿತು ಎಂದು ತಿಳಿಯಬೇಕಾದರೆ ಎಚ್ಚರವಿದ್ದು ಕಿಟಕಿಯಾಚೆ ನೋಡಬೇಕು.

ನೂಕುಸ್ ಊರಾಚೆ ಅಮು ದರ್ಯಾ ನದಿಯ ಪಾತ್ರ ಬಲು ಅಗಲ, ಅದರಲ್ಲಿ ಹರಿಯುವ ನೀರು ಮಾತ್ರ ಕಡಿಮೆ. ಪಾಮೀರ್ ಪರ್ವತಗಳಿಂದ ಇಳಿದು ಬಂದ ನದಿ ಇದೇನಾ ಅನ್ನಿಸುತ್ತದೆ. ಸೇತುವೆ ದಾಟಿದ ಮೇಲೆ ನಾಲೆಗಳು ಶುರು. ಒಂದರ ಹಿಂದೆ ಒಂದು, ಅವುಗಳಿಂದ ಕವಲೊಡೆದ ಕಾಲುವೆಗಳು, ಅವುಗಳ ತೂಬುಗಳು. ಸೆಪ್ಟೆಂಬರ್ ತಿಂಗಳಾದ್ದರಿಂದ ಹತ್ತಿ ಒಡೆದು ಹೊಲವೆಲ್ಲ ಬೆಳ್ಳಗಾಗಿತ್ತು. ನಡುನಡುವೆ ಭತ್ತದ ಗದ್ದೆಗಳೂ ಕಂಡವು. ಮಳೆಯೇ ಇಲ್ಲದ ಈ ನಾಡಿನಲ್ಲಿ ಭತ್ತ! ಎಷ್ಟೋ ಕಾಲುವೆಗಳಿಗೆ ಸಿಮೆಂಟು ಕೂಡ ಇಲ್ಲ. ನೀರು ಮಣ್ಣಿಗೆ ಇಂಗಿ, ಏರಿಯ ಉದ್ದಕ್ಕೂ ಜೊಂಡು ಬೆಳೆದಿದೆ.

ಇನ್ನೂ ಸ್ವಲ್ಪ ಮುಂದೆ, ಹತ್ತಿಯಲ್ಲದ ಇನ್ನೊಂದು ಬಿಳುಪು ಕಾಣಿಸಿತು. ಅದು ಸವಳು. ಅತಿಯಾಗಿ ನೀರು ಹಾಯಿಸಿದ್ದಕ್ಕೆ ಅಂತರ್ಜಲ ಮೇಲೆದ್ದು ಉಪ್ಪನ್ನು ಹೊತ್ತು ತಂದಿದೆ. ಹೀಗಾಗಿ ಬಿತ್ತನೆಗೆ ಮುಂಚೆ, ಚಳಿಗಾಲದ ಕೊನೆಗೆ, ಹೊಲಗಳಲ್ಲಿ ನೀರು ನಿಲ್ಲಿಸಿ ಉಪ್ಪು ತೊಳೆಯಬೇಕು. ನೀರು ಹೆಚ್ಚಾಗಿ ಉಪ್ಪು ಬಂತು, ಆ ಉಪ್ಪು ತೊಳೆಯಲು ಮತ್ತೆ ನೀರು. ನದಿಯ ಮೇಲ್ಭಾಗದ ಖೋರೆಜ್ಮ್ ಪ್ರಾಂತ್ಯ ಮತ್ತು ತುರ್ಕ್‌ಮೆನಿಸ್ತಾನದ ಹೊಲಗಳಿಂದ ಬಸಿದ ನೀರು ಗಡಿಯ ಸರಿಕಮಿಷ್ ತಗ್ಗಿಗೆ ಇಳಿದು, ಅಲ್ಲಿ ದೊಡ್ಡದೊಂದು ಉಪ್ಪುನೀರಿನ ಸರೋವರವೇ ನಿಂತಿದೆ. ಸಮುದ್ರ ಬತ್ತುತ್ತಿದ್ದ ವರ್ಷಗಳಲ್ಲೇ ಈ ಸರೋವರ ಬೆಳೆಯಿತು.

ಹೆಸರಿಗೆ ಸಮುದ್ರವಾದರೂ ಅರಲ್ ಒಂದು ಸರೋವರ, ಅದರಿಂದ ಹೊರಗೆ ಹರಿಯುವ ನದಿ ಇಲ್ಲ. ಬಿಸಿಲಿಗೆ ವರ್ಷಕ್ಕೆ ಹೆಚ್ಚುಕಡಿಮೆ ಒಂದು ಮೀಟರ್ ನೀರು ಆವಿಯಾಗುತ್ತದೆ. ಅದನ್ನು ತುಂಬಿಕೊಡುತ್ತಿದ್ದದ್ದು ದಕ್ಷಿಣದ ಅಮು ದರ್ಯಾ ಮತ್ತು ಉತ್ತರದ ಸಿರ್ ದರ್ಯಾ. 1960ರಲ್ಲಿ ಅದರ ವಿಸ್ತಾರ ಸುಮಾರು 68,000 ಚದರ ಕಿಲೋಮೀಟರ್, ಜಗತ್ತಿನ ಸರೋವರಗಳಲ್ಲಿ ನಾಲ್ಕನೆಯ ಸ್ಥಾನ. ಈ ನದಿಗಳ ನೀರಿನಲ್ಲಿ ಜನ ಸಾವಿರಾರು ವರ್ಷಗಳಿಂದ ಬೇಸಾಯ ಮಾಡಿಕೊಂಡೇ ಬಂದಿದ್ದರು, ಸಮುದ್ರಕ್ಕೆ ಅದರಿಂದ ದೊಡ್ಡ ಧಕ್ಕೆ ಆಗಿರಲಿಲ್ಲ. ಸೋವಿಯತ್ ಸರ್ಕಾರ ಹತ್ತಿಗಾಗಿ ಮರುಭೂಮಿಗೇ ನೀರು ಹರಿಸಲು ಹೊರಟಾಗ ಲೆಕ್ಕ ತಪ್ಪಿತು. 1954ರಲ್ಲಿ ಆರಂಭವಾದ ಕರಕುಮ್ ಕಾಲುವೆ 1,300 ಕಿಲೋಮೀಟರಿಗೂ ಉದ್ದ. ಅದು ಅಮು ದರ್ಯಾದ ನೀರನ್ನು ಕಣಿವೆಯಿಂದಲೇ ಆಚೆ ಒಯ್ದಿತು, ಹೋದ ನೀರು ನದಿಗೆ ಮರಳುವ ಮಾತೇ ಇರಲಿಲ್ಲ. ಸಮುದ್ರದ ಮಟ್ಟ 1960ರ ದಶಕದಲ್ಲಿ ವರ್ಷಕ್ಕೆ ಸುಮಾರು 20 ಸೆಂಟಿಮೀಟರ್ ಇಳಿಯುತ್ತಿತ್ತು, 1980ರ ದಶಕದಲ್ಲಿ 80–90 ಸೆಂಟಿಮೀಟರ್. ಕೆಲವು ವರ್ಷ ಅಮು ದರ್ಯಾ ಸಮುದ್ರವನ್ನು ಮುಟ್ಟಲೇ ಇಲ್ಲ. ಇದೆಲ್ಲ ಗೊತ್ತಿಲ್ಲದೆ ಆದ ಅನಾಹುತ ಎನ್ನುವವರಿದ್ದಾರೆ. ಅಲ್ಲ. ಸಮುದ್ರ ಕುಗ್ಗುತ್ತದೆಂದು ಯೋಜನೆ ಹಾಕಿದವರಿಗೆ ಗೊತ್ತಿತ್ತು. ಮೀನಿಗಿಂತ ಹತ್ತಿಗೆ ಬೆಲೆ ಹೆಚ್ಚೆಂದು ಅವರು ಲೆಕ್ಕ ಹಾಕಿದ್ದರು.

ಮೊಯ್ನಾಕ್‌ನ ದಿಬ್ಬದ ಮೇಲೆ ಸ್ಮಾರಕ, ಕೆಳಗೆ ಸಾಲಾಗಿ ಹಡಗುಗಳು. ಅವು ನಿಂತಲ್ಲೇ ನಿಂತವಲ್ಲ, ಅಲ್ಲಿಲ್ಲಿ ಬಿದ್ದಿದ್ದವನ್ನು ಎಳೆತಂದು ಜೋಡಿಸಿದ್ದು. ಫೋಟೋ ನಾನೂ ತೆಗೆದೆ ಬಿಡಿ. ಮನಸ್ಸು ಹೆಚ್ಚು ತಡೆದದ್ದು ಚಿಕ್ಕ ಮ್ಯೂಸಿಯಂನಲ್ಲಿ. ಅಲ್ಲಿನ ಮೀನಿನ ಡಬ್ಬಿಗಳ ಹಿಂದೆ ಒಂದು ವಿಚಿತ್ರ ಕಥೆ ಇದೆ. ನೀರು ಹಿಂದೆ ಸರಿದಂತೆ ಬೆಸ್ತರು ಕಾಲುವೆ ತೋಡಿ ದೋಣಿಗಳನ್ನು ಅದರ ಬೆನ್ನಿಗೇ ಒಯ್ದರು. 1980ರ ದಶಕದ ಆರಂಭಕ್ಕೆ ಮೀನುಗಾರಿಕೆಯೇ ನಿಂತಿತು. ಆಮೇಲೂ ಕಾರ್ಖಾನೆ ಮುಚ್ಚಬಾರದೆಂದು ದೂರದ ಸಮುದ್ರಗಳಿಂದ ರೈಲಿನಲ್ಲಿ ಮೀನು ತರಿಸಿ ಇಲ್ಲಿ ಡಬ್ಬಿಗೆ ತುಂಬುತ್ತಿದ್ದರು!

ಈಗ ನೀರು ನೋಡಲು ಇಲ್ಲಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ಜೀಪಿನಲ್ಲಿ ಹೋಗಬೇಕು. ದಾರಿ ಎಂದರೆ ಸಮುದ್ರದ ತಳವೇ. ಕಾಲಡಿ ಕಪ್ಪೆಚಿಪ್ಪು, ದೂರದಲ್ಲಿ ಗ್ಯಾಸ್ ಬಾವಿಗಳು, ಉಪ್ಪುಧೂಳು ತಡೆಯಲು ನೆಟ್ಟ ಸಕ್ಸಾವುಲ್ ಗಿಡಗಳ ಸಾಲು. ಆ ಧೂಳಿನಲ್ಲಿ ಉಪ್ಪಷ್ಟೇ ಅಲ್ಲ, ಹತ್ತಿ ಹೊಲಗಳಿಂದ ಹರಿದುಬಂದ ಕೀಟನಾಶಕವೂ ಇದೆ. ಗಾಳಿ ಎದ್ದಾಗ ಮುಖಕ್ಕೆ ಬಟ್ಟೆ ಕಟ್ಟಿಕೊಂಡೆ. ಚಾಲಕ ಹಾಗೇ ಕೂತಿದ್ದ.

ಪಶ್ಚಿಮ ದಡದಲ್ಲಿ ಉಸ್ತ್ಯುರ್ತ್ ಪ್ರಸ್ಥಭೂಮಿಯ ಕಡಿದಾದ ಗೋಡೆ, ಅದರ ಕೆಳಗೆ ನೀಲಿ ನೀರು. ಚೆಲುವೇನೋ ಚೆಲುವೇ. ಇಳಿದರೆ ಮೊಣಕಾಲುದ್ದ ಕೆಸರು, ಆಮೇಲೆ ಈಜಲು ಹೋದರೂ ಮೇಲೆ ತೇಲಿಸುವಷ್ಟು ಉಪ್ಪು. ಮೀನಿಲ್ಲ. ಉಪ್ಪನ್ನು ತಾಳಿಕೊಂಡ ಆರ್ಟೀಮಿಯಾ ಎಂಬ ಪುಟ್ಟ ಸೀಗಡಿ ಇದೆ, ಅದರ ಮೊಟ್ಟೆ ಸಂಗ್ರಹಿಸುವ ವ್ಯಾಪಾರವೂ ಇದೆ. ತುಂಡುತುಂಡಾದ ಈ ಸಮುದ್ರದ ಪೂರ್ವದ ಭಾಗವಂತೂ 2014ರಲ್ಲಿ ಪೂರ್ತಿ ಒಣಗಿತ್ತು.

ಕಜಕಿಸ್ತಾನದವರು ಮಾತ್ರ ತಮ್ಮ ಪಾಲನ್ನು ಉಳಿಸಿಕೊಂಡರು. 2005ರಲ್ಲಿ ವಿಶ್ವಬ್ಯಾಂಕ್ ಸಾಲದ ನೆರವಿನಿಂದ 13 ಕಿಲೋಮೀಟರ್ ಉದ್ದದ ಕೊಕ್-ಅರಲ್ ಅಣೆಕಟ್ಟು ಕಟ್ಟಿ, ಸಿರ್ ದರ್ಯಾದ ನೀರನ್ನು ಉತ್ತರದ ಚಿಕ್ಕ ಅರಲ್‌ನಲ್ಲೇ ತಡೆದರು. ಉಪ್ಪು ಇಳಿಯಿತು, ಮೀನು ಮರಳಿತು. ದಕ್ಷಿಣದಲ್ಲಿ ಅದೇ ಉಪಾಯ ಸಲ್ಲದು. ಅಲ್ಲಿನ ಸಮುದ್ರದ ತಗ್ಗು ತೀರಾ ದೊಡ್ಡದು, ಅದಕ್ಕೆ ಬಿಡಲು ನದಿಯಲ್ಲಿ ನೀರು ಉಳಿದಿರುವುದಿಲ್ಲ.

ರಾತ್ರಿ ಯರ್ಟ್ ಎಂಬ ಗುಡಾರದ ಮುಂದೆ ಚಹಾ ಕುಡಿಯುತ್ತ ಚಾಲಕ ಕೋಷ್ ತೆಪಾ ಕಾಲುವೆಯ ಮಾತು ತೆಗೆದ. 2022ರಿಂದ ಅಫ್ಘಾನಿಸ್ತಾನ ತೋಡುತ್ತಿರುವ ಈ 285 ಕಿಲೋಮೀಟರ್ ಕಾಲುವೆಯೂ ಅಮು ದರ್ಯಾದಿಂದಲೇ. ಅವನಿಗೆ ಸಿಟ್ಟು. ನನಗೆ ಅಫ್ಘನ್ನರನ್ನು ಪೂರ್ತಿ ದೂರಲು ಮನಸ್ಸಾಗಲಿಲ್ಲ. ಈ ನದಿಯ ನೀರನ್ನು ಸೋವಿಯತ್ ಗಣರಾಜ್ಯಗಳು ಹಂಚಿಕೊಂಡಾಗ ಅವರನ್ನು ಯಾರೂ ಕರೆದಿರಲಿಲ್ಲ. ಹಾಗೆಂದೆ. ಅವನು ವಾದಿಸಲಿಲ್ಲ. ಕರಕಲ್ಪಾಕಸ್ತಾನದಲ್ಲೇ ಇರುವ ಚಿಂಬಾಯ್ ಹತ್ತಿರ ತನ್ನ ತಮ್ಮನ ಹೊಲವಿದೆ, ಅಲ್ಲಿನ ಕಾಲುವೆಯ ಕಟ್ಟಕಡೆಯ ತೂಬು ಅವನದು, ಈ ವರ್ಷ ಭತ್ತಕ್ಕೆ ನೀರು ಬರದೆ ಎಳ್ಳು ಬಿತ್ತಿದ್ದಾನೆ ಎಂದ.